ಗಣಿತದ ಮನೆಯಿಂದ ಭೌತವಿಜ್ಞಾನದ ಅಂಗಳಕ್ಕೆ
(ಆಚಾರ್ಯ ಸತ್ಯೇಂದ್ರನಾಥ ಬೋಸರ ವಿದ್ಯಾಯಾತ್ರೆ)

ವರ್ಷವರ್ಷವೂ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನ ನಮ್ಮ ಶಾಲೆಯ ಜಗಲಿಯಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಕೇಳಿಬರುತ್ತವೆ. ಮೊದಲನೆಯದು ಹುಡುಗರ ಪ್ರಶ್ನೆ: "ಈ ಲೆಕ್ಕಗಳನ್ನೆಲ್ಲ ಮಾಡಿ ಮುಂದೆ ಆಗುವುದೇನು?" ಎರಡನೆಯದು ತಾಯಿತಂದೆಗಳ ಪ್ರಶ್ನೆ: "ಕನ್ನಡದಲ್ಲಿ ಓದಿದ ಮಗುವಿಗೆ ಮುಂದೆ ದೊಡ್ಡ ವಿಜ್ಞಾನ ಹತ್ತೀತೇ ಮಾಸ್ತರರೇ?" ಈ ಎರಡನ್ನೂ ಹಗುರವೆಂದು ತಳ್ಳಿಹಾಕುವುದು ಸರಿಯಲ್ಲ. ಗಡಿಯ ಈಚೆಗೆ ನೆಲೆಸಿ, ಮನೆಯ ಮಾತನ್ನು ಬಿಡದೆ ಮಕ್ಕಳನ್ನು ಓದಿಸುತ್ತಿರುವ ಪ್ರತಿಯೊಬ್ಬರ ಮನಸ್ಸಿನಲ್ಲಿಯೂ ಈ ಅಳುಕು ಇದ್ದೇ ಇದೆ.

ಈ ಪ್ರಶ್ನೆಗಳಿಗೆ ಉಪದೇಶದ ಮೂಲಕ ಉತ್ತರ ಕೊಡುವುದಕ್ಕಿಂತ ಒಬ್ಬ ಮಹನೀಯರ ಜೀವನದ ಮೂಲಕ ಉತ್ತರ ಕೊಡುವುದು ಮೇಲೆಂದು ತೋರಿತು. ಕಾಲೇಜಿನಲ್ಲಿ ಅವರು ಓದಿದ್ದು ಗಣಿತ. ಜಗತ್ತು ಅವರನ್ನು ನೆನೆಯುವುದು ಭೌತವಿಜ್ಞಾನಕ್ಕಾಗಿ. ಡಾಕ್ಟರೇಟ್ ಪದವಿಯಿಲ್ಲದ ಆ ಉಪಾಧ್ಯಾಯರು ನಾಲ್ಕು ಪುಟಗಳ ಒಂದು ಲೇಖನವನ್ನು ಅಂಚೆಗೆ ಹಾಕಿ ಯೂರೋಪಿನ ವಿದ್ವತ್ಸಭೆಗಳ ಬಾಗಿಲನ್ನು ತೆರೆಸಿದರು. ಬಾಳಿನ ಕೊನೆಯ ಭಾಗದಲ್ಲಿ ತಾಯ್ನುಡಿಯಲ್ಲಿ ವಿಜ್ಞಾನವನ್ನು ಹೇಳಬೇಕೆಂದು ದುಡಿದರು. ಅವರೇ ಬಂಗಾಳದ ಆಚಾರ್ಯ ಸತ್ಯೇಂದ್ರನಾಥ ಬೋಸರು.

ಬಾಲ್ಯ ಮತ್ತು ಗಣಿತಾಭ್ಯಾಸ

ಬೋಸರು 1894ನೆಯ ಇಸವಿ ಜನವರಿ 1ರಂದು ಕಲ್ಕತ್ತಾ ನಗರದಲ್ಲಿ ಜನಿಸಿದರು. ತಂದೆ ಸುರೇಂದ್ರನಾಥರು ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ನೌಕರಿಯಲ್ಲಿದ್ದರು. ತಾಯಿ ಆಮೋದಿನೀ ದೇವಿ. ಏಳು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಉಳಿದ ಆರು ಮಂದಿ ತಂಗಿಯರು. ತಂದೆಯವರು ಕಚೇರಿಗೆ ಹೊರಡುವ ಮುನ್ನ ನೆಲದ ಮೇಲೆ ಲೆಕ್ಕಗಳನ್ನು ಬರೆದಿಟ್ಟು ಹೋಗುತ್ತಿದ್ದರಂತೆ. ಅವರು ಹಿಂತಿರುಗುವುದರೊಳಗೆ ಮಗ ಅವನ್ನು ಬಿಡಿಸಿಡಬೇಕು. ಹುಡುಗನಿಗೆ ಅದು ಶಿಕ್ಷೆಯೆಂದು ತೋರದೆ ಆಟವಾಗಿಯೇ ತೋರಿತು. ಮನೆಯಲ್ಲಿ ದೊಡ್ಡ ಗ್ರಂಥಾಲಯ ಬೇಕಾಗಲಿಲ್ಲ. ನೆಲವೂ ಒಂದು ತುಂಡು ಸೀಮೆಸುಣ್ಣವೂ ಮಗನ ಮೇಲೆ ಒಂದಿಷ್ಟು ಗಮನವೂ ಸಾಕಾದುವು. ತಾಯಿತಂದೆಗಳು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು.

ಕಲ್ಕತ್ತೆಯ ಹಿಂದೂ ಸ್ಕೂಲಿನಲ್ಲಿ ಓದುತ್ತಿದ್ದಾಗ ಗಣಿತದ ಉಪಾಧ್ಯಾಯರು ಒಮ್ಮೆ ಇವರಿಗೆ ನೂರಕ್ಕೆ ನೂರಹತ್ತು ಅಂಕ ಕೊಟ್ಟರೆಂಬ ಕಥೆ ಪ್ರಸಿದ್ಧವಾಗಿದೆ. ಪ್ರಶ್ನೆಗಳಿಗೆಲ್ಲ ಉತ್ತರ ಬರೆದುದಲ್ಲದೆ, ಒಂದೇ ಲೆಕ್ಕವನ್ನು ಒಂದಕ್ಕಿಂತ ಹೆಚ್ಚು ರೀತಿಯಿಂದ ಬಿಡಿಸಿದ್ದುದೇ ಇದಕ್ಕೆ ಕಾರಣ. ಉತ್ತರ ಒಂದೇ ಆದರೂ ದಾರಿಗಳು ಹಲವೆಂಬ ಈ ಗುಣವನ್ನು ನೆನಪಿಡಿ. ಮುಂದೆ ಜಗತ್ತನ್ನು ಬೆರಗುಗೊಳಿಸಿದ್ದು ಇದೇ ಗುಣ.

1909ರಲ್ಲಿ ಬೋಸರು ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಅಲ್ಲಿ ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಮೊದಲಾದ ಮಹಾಗುರುಗಳಿದ್ದರು. ಮುಂದೆ ನಕ್ಷತ್ರಗಳ ಬೆಳಕನ್ನು ಕುರಿತ ಸಂಶೋಧನೆಯಿಂದ ವಿಖ್ಯಾತರಾದ ಮೇಘನಾದ ಸಾಹಾ ಇವರ ಸಹಪಾಠಿ. 1913ರ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಗಣಿತದಲ್ಲಿ ಬೋಸರು ಪ್ರಥಮ, ಸಾಹಾ ದ್ವಿತೀಯ, 1915ರ ಎಂ.ಎಸ್‌ಸಿ. ಪರೀಕ್ಷೆಯಲ್ಲಿಯೂ ಅದೇ ಕ್ರಮ. ಬೋಸರು ಎಂ.ಎಸ್‌ಸಿ.ಗೆ ತೆಗೆದುಕೊಂಡದ್ದು 'ಮಿಶ್ರಗಣಿತ'. ಶುದ್ಧ ಗಣಿತದ ವಿಧಾನಗಳನ್ನು ಚಲನೆ, ಬಲ, ಗ್ರಹಗತಿ ಮೊದಲಾದುವಕ್ಕೆ ಅನ್ವಯಿಸುವ ವಿಷಯಕ್ಕೆ ಆಗ ಆ ಹೆಸರು ರೂಢಿಯಲ್ಲಿತ್ತು.

ಗಣಿತದಿಂದ ಭೌತವಿಜ್ಞಾನಕ್ಕೆ

ಪ್ರಥಮ ಸ್ಥಾನ ಬಂದರೂ ಕೂಡಲೇ ತಕ್ಕ ಉದ್ಯೋಗ ದೊರೆಯಲಿಲ್ಲ. ಆ ಕಾಲಕ್ಕೆ ಸರ್ ಆಶುತೋಷ ಮುಖರ್ಜಿಯವರ ನೇತೃತ್ವದಲ್ಲಿ, ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷ್ ಎಂಬ ದಾನಿಗಳ ಧನಸಹಾಯದಿಂದ, ಕಲ್ಕತ್ತಾ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜು 1914ರಲ್ಲಿ ಸ್ಥಾಪಿತವಾಗಿತ್ತು. ಅಲ್ಲಿ ಪಾಠ ಹೇಳಲು ಆಶುತೋಷರು ತರುಣರನ್ನು ಕರೆದರು. 1916ರಲ್ಲಿ ಬೋಸರೂ ಸಾಹಾ ಅವರೂ ಅಲ್ಲಿ ಉಪನ್ಯಾಸಕರಾದರು. ಗಣಿತ ವಿಭಾಗಕ್ಕೆಂದು ಬಂದ ಇಬ್ಬರೂ ಸ್ವಲ್ಪ ಕಾಲದಲ್ಲಿಯೇ ಭೌತವಿಜ್ಞಾನ ವಿಭಾಗಕ್ಕೆ ಸೇರಿಕೊಂಡರು. ಮರುವರ್ಷ ಅದೇ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದವರು, ಮುಂದೆ ನಮ್ಮ ಬೆಂಗಳೂರಿನಲ್ಲಿ ನೆಲೆಸಿದ ಸರ್ ಚಂದ್ರಶೇಖರ ವೆಂಕಟರಾಮನ್.

ಗಣಿತವನ್ನು ಓದಿದವರು ಭೌತವಿಜ್ಞಾನವನ್ನು ಹೇಳಿಕೊಡಬೇಕು, ಹೊಸ ಭೌತವಿಜ್ಞಾನದ ಗ್ರಂಥಗಳೆಲ್ಲ ಜರ್ಮನ್ ಭಾಷೆಯಲ್ಲಿ, ಹೊರಗೆ ಮಹಾಯುದ್ಧ, ಜರ್ಮನಿಯಿಂದ ಪುಸ್ತಕ ತರಿಸುವಂತಿಲ್ಲ. ಇಂತಹ ಸ್ಥಿತಿಯಲ್ಲಿ ತರುಣರು ಕೈಕಟ್ಟಿ ಕೂರಲಿಲ್ಲ. ಬಂಗಾಳದ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರ್ಯೂಲ್ ಎಂಬ ಯೂರೋಪಿಯನ್ ಪ್ರಾಧ್ಯಾಪಕರ ಬಳಿ ಜರ್ಮನ್ ಗ್ರಂಥಗಳಿದ್ದುವು. ಅವುಗಳನ್ನು ಎರವಲು ತಂದರು. ಜರ್ಮನ್ ಭಾಷೆಯನ್ನು ಕಲಿತರು. ತಾವು ಓದುತ್ತ ಓದುತ್ತಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಬೋಸರು ಫ್ರೆಂಚ್ ಭಾಷೆಯನ್ನೂ ಕಲಿತಿದ್ದರು. 1920ರಲ್ಲಿ ಈ ಇಬ್ಬರು ಸ್ನೇಹಿತರು ಐನ್‌ಸ್ಟೈನರ ಸಾಪೇಕ್ಷತಾವಾದದ ಲೇಖನಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ಕಲ್ಕತ್ತಾ ವಿಶ್ವವಿದ್ಯಾನಿಲಯವು ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿತು.

1921ರಲ್ಲಿ ಢಾಕಾ ನಗರದಲ್ಲಿ ಹೊಸ ವಿಶ್ವವಿದ್ಯಾನಿಲಯವು ಪ್ರಾರಂಭವಾಯಿತು. (ಆ ನಗರ ಈಗ ಬಾಂಗ್ಲಾದೇಶದ ರಾಜಧಾನಿ.) ಬೋಸರು ಅಲ್ಲಿಗೆ ಭೌತವಿಜ್ಞಾನದ ರೀಡರ್ ಆಗಿ ಹೋದರು. ಅಲ್ಲಿಯ ತರಗತಿಯ ಕೊಠಡಿಯಲ್ಲಿಯೇ ಅವರ ಮಹತ್ಕಾರ್ಯಕ್ಕೆ ಬೀಜ ಬಿದ್ದಿತು.

ಕಮ್ಮಾರನ ಕುಲುಮೆಯೂ ಪ್ಲಾಂಕರ ಸೂತ್ರವೂ

ಕಮ್ಮಾರನು ಕತ್ತಿಯನ್ನು ಕಾಯಿಸುವುದನ್ನು ನೀವೆಲ್ಲ ನೋಡಿದ್ದೀರಿ. ತಿದಿಯೊತ್ತಿದಂತೆ ಕಪ್ಪಾದ ಕಬ್ಬಿಣವು ಮೊದಲು ಮಂದವಾದ ಕೆಂಪಾಗುತ್ತದೆ. ಮತ್ತೂ ಕಾಯಿಸಿದರೆ ಕಿತ್ತಳೆಯಾಗಿ, ಹಳದಿಯಾಗಿ, ಕೊನೆಗೆ ಬೆಳ್ಳಗೆ ಹೊಳೆಯುತ್ತದೆ. ಎಷ್ಟು ಶಾಖಕ್ಕೆ ಯಾವ ಬಣ್ಣದ ಬೆಳಕು ಎಷ್ಟು ಪ್ರಮಾಣದಲ್ಲಿ ಹೊರಡುತ್ತದೆ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಹಾವಿದ್ವಾಂಸರನ್ನೂ ಇದು ಕಂಗೆಡಿಸಿತು. ಬೆಳಕು ಅಲೆಯೆಂದು ತಿಳಿದು ಲೆಕ್ಕ ಹಾಕಿದರೆ, ನೇರಿಳೆಯನ್ನೂ ದಾಟಿದ ಕಿರಣಗಳು ಅಪಾರವಾಗಿ ಹೊರಹೊಮ್ಮಬೇಕೆಂಬ ಉತ್ತರ ಬರುತ್ತಿತ್ತು. ಅದು ನಿಜವಾಗಿದ್ದರೆ ಕುಲುಮೆಯ ಮುಂದೆ ಯಾರೂ ಕೂರುವಂತಿರಲಿಲ್ಲ.

1900ನೆಯ ಇಸವಿ ಡಿಸೆಂಬರಿನಲ್ಲಿ ಜರ್ಮನಿಯ ಮಾಕ್ಸ್ ಪ್ಲಾಂಕರು ಒಂದು ಸೂತ್ರವನ್ನು ಮುಂದಿಟ್ಟರು. ಶಕ್ತಿಯು ನೀರಿನ ಧಾರೆಯಂತೆ ಎಡೆಬಿಡದೆ ಹರಿಯದೆ, ಅಕ್ಕಿಯ ಕಾಳಿನಂತೆ ಬಿಡಿಬಿಡಿಯಾದ ಕಣಗಳಲ್ಲಿ ಕೊಟ್ಟುಕೊಳ್ಳಲ್ಪಡುತ್ತದೆಂದು ಅವರು ಭಾವಿಸಿದರು. ಈ ಕಣಕ್ಕೆ 'ಕ್ವಾಂಟಂ' ಎಂದು ಹೆಸರು. ಸೂತ್ರವು ಪ್ರಯೋಗಗಳಿಗೆ ಸರಿಯಾಗಿ ಹೊಂದಿತು. 1905ರಲ್ಲಿ ಐನ್‌ಸ್ಟೈನರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೆಳಕೇ ಕಣಗಳಿಂದಾದಂತೆ ವರ್ತಿಸುತ್ತದೆಂದು ಹೇಳಿದರು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಸೂತ್ರವನ್ನು ಸಾಧಿಸುವಾಗ ಅರ್ಧ ದಾರಿ ಬೆಳಕನ್ನು ಅಲೆಯೆಂದು ಹಿಡಿಯಬೇಕಾಗಿತ್ತು; ಇನ್ನರ್ಧ ದಾರಿ ಶಕ್ತಿಯನ್ನು ಕಣವೆಂದು ಹಿಡಿಯಬೇಕಾಗಿತ್ತು. ಎರಡು ದೋಣಿಗಳಲ್ಲಿ ಕಾಲಿಟ್ಟು ಹೊಳೆ ದಾಟಿದಂತೆ! ದಡವೇನೋ ಸೇರಿದರು, ಆದರೆ ಯಾವ ದೋಣಿ ತಮ್ಮನ್ನು ದಾಟಿಸಿತೆಂದು ಹೇಳಬಲ್ಲವರಿರಲಿಲ್ಲ. ಢಾಕೆಯಲ್ಲಿ ಪ್ಲಾಂಕರ ಸೂತ್ರವನ್ನು ಪಾಠ ಹೇಳುತ್ತಿದ್ದ ಬೋಸರಿಗೆ ಇದು ಸಮಾಧಾನವನ್ನು ಕೊಡಲಿಲ್ಲ. ತನಗೇ ತೃಪ್ತಿಯಾಗದ ಸಾಧನೆಯನ್ನು ವಿದ್ಯಾರ್ಥಿಗಳ ಮುಂದೆ ಹೇಗೆ ಇಡಲಿ ಎಂಬ ಉಪಾಧ್ಯಾಯನ ಸಂಕಟ ಅವರದು. 1924ರ ಮೊದಲ ಭಾಗದಲ್ಲಿ ಢಾಕೆಗೆ ಬಂದಿದ್ದ ಗೆಳೆಯ ಸಾಹಾ ಅವರೊಡನೆ ನಡೆದ ಚರ್ಚೆಯೂ ಈ ಚಿಂತನೆಗೆ ಒತ್ತಾಸೆಯಾಯಿತು. ಹಿಂದೆ ಶಾಲೆಯಲ್ಲಿ ಮಾಡುತ್ತಿದ್ದಂತೆಯೇ ಬೋಸರು ಅದೇ ಉತ್ತರಕ್ಕೆ ಬೇರೊಂದು ದಾರಿಯನ್ನು ಹುಡುಕಿದರು.

ಎಣಿಕೆಯ ಹೊಸ ರೀತಿ

ಈ ದಾರಿ ಏನೆಂಬುದನ್ನು ನೀವೂ ಅರಿಯಬಹುದು. ಅದಕ್ಕೆ ಎರಡು ಗೋಲಿಗಳೂ ಎರಡು ಬಟ್ಟಲುಗಳೂ ಸಾಕು.

ಒಂದು ಕೆಂಪು ಗೋಲಿ, ಒಂದು ನೀಲಿ ಗೋಲಿ. ಇವನ್ನು ಎರಡು ಬಟ್ಟಲುಗಳಲ್ಲಿ ಎಷ್ಟು ರೀತಿಯಿಂದ ಇಡಬಹುದು? ಎರಡೂ ಮೊದಲನೆಯ ಬಟ್ಟಲಲ್ಲಿ, ಎರಡೂ ಎರಡನೆಯದರಲ್ಲಿ, ಕೆಂಪು ಮೊದಲನೆಯದರಲ್ಲಿ, ನೀಲಿ ಎರಡನೆಯದರಲ್ಲಿ, ನೀಲಿ ಮೊದಲನೆಯದರಲ್ಲಿ, ಕೆಂಪು ಎರಡನೆಯದರಲ್ಲಿ. ಒಟ್ಟು 4 ರೀತಿಗಳು. ಇವುಗಳಲ್ಲಿ ಎರಡೂ ಗೋಲಿಗಳು ಒಟ್ಟಿಗಿರುವುವು 2. ಎಂದರೆ ಅವು ಒಂದೇ ಬಟ್ಟಲಲ್ಲಿ ಸೇರುವ ಸಂಭವ ಅರ್ಧ. ಹಳೆಯ ಭೌತವಿಜ್ಞಾನವು ಅಣುಗಳನ್ನು ಎಣಿಸುತ್ತಿದ್ದುದು ಹೀಗೆಯೇ.

ಈಗ ಗೋಲಿಯನ್ನು ಬಿಟ್ಟು ಅಂಚೆಕಚೇರಿಯ ಉಳಿತಾಯದ ಪುಸ್ತಕಕ್ಕೆ ಬನ್ನಿ. ಅಣ್ಣನದೊಂದು ಪುಸ್ತಕ, ತಮ್ಮನದೊಂದು ಪುಸ್ತಕ. ಅಜ್ಜನು ಒಟ್ಟು ಎರಡು ರೂಪಾಯಿ ಕಟ್ಟುತ್ತಾನೆ. ಎಷ್ಟು ರೀತಿಯಿಂದ ಕಟ್ಟಬಹುದು? ಅಣ್ಣನಿಗೆ ಎರಡು, ತಮ್ಮನಿಗೆ ಇಲ್ಲ, ಇಬ್ಬರಿಗೂ ಒಂದೊಂದು, ತಮ್ಮನಿಗೆ ಎರಡು, ಅಣ್ಣನಿಗೆ ಇಲ್ಲ. ಮೂರೇ ರೀತಿಗಳು. ಪುಸ್ತಕದಲ್ಲಿ ಜಮೆಯಾದ ರೂಪಾಯಿಗೆ ಬಣ್ಣವಿಲ್ಲ, ಗುರುತಿಲ್ಲ. "ನನ್ನ ಪುಸ್ತಕದಲ್ಲಿರುವುದು ಯಾವ ರೂಪಾಯಿ?" ಎಂದು ಕೇಳಿದರೆ ಅಂಚೆಯವರು ನಗುವರು. ಎಷ್ಟು ರೂಪಾಯಿ ಎಂದು ಮಾತ್ರ ಕೇಳಬಹುದು. ಈ ಮೂರು ರೀತಿಗಳಿಗೂ ಸಮಾನವಾದ ಬೆಲೆ ಕೊಟ್ಟು ಎಣಿಸಿದರೆ, ಎರಡೂ ಒಂದೇ ಕಡೆ ಸೇರುವ ಸಂಭವ ಅರ್ಧದಿಂದ ಮೂರರಲ್ಲಿ ಎರಡು ಪಾಲಿಗೆ ಏರುತ್ತದೆ.

ಬೋಸರು ಬೆಳಕಿನ ಕಣಗಳನ್ನು ಎಣಿಸಿದ್ದು ಉಳಿತಾಯದ ಪುಸ್ತಕದ ಈ ರೀತಿಯಿಂದ. ಕಣದ ಸ್ಥಾನ ಮತ್ತು ಸಂವೇಗ ಎರಡನ್ನೂ ಒಟ್ಟುಗೂಡಿಸಿದ ಒಂದು ಗಣಿತೀಯ ಆಕಾಶವನ್ನು ಅವರು ಚಿಕ್ಕಚಿಕ್ಕ ಗೂಡುಗಳಾಗಿ ವಿಂಗಡಿಸಿದರು. ಗೂಡಿನ ಗಾತ್ರವನ್ನು ನಿರ್ಣಯಿಸುವುದು ಪ್ಲಾಂಕರ ಸ್ಥಿರಾಂಕ. ಆಮೇಲೆ ಯಾವ ಕಣ ಯಾವ ಗೂಡಿನಲ್ಲಿದೆ ಎಂಬ ಪ್ರಶ್ನೆಯನ್ನೇ ಕೈಬಿಟ್ಟರು. ಬರಿದಾದ ಗೂಡುಗಳೆಷ್ಟು, ಒಂದೊಂದು ಕಣವಿರುವ ಗೂಡುಗಳೆಷ್ಟು, ಎರಡೆರಡು ಕಣಗಳಿರುವ ಗೂಡುಗಳೆಷ್ಟು ಎಂದು ಮಾತ್ರ ಎಣಿಸಿದರು. ಒಟ್ಟು ಶಕ್ತಿಯನ್ನು ಸ್ಥಿರವಾಗಿಟ್ಟು, ಅತ್ಯಂತ ಸಂಭವನೀಯವಾದ ಹಂಚಿಕೆ ಯಾವುದೆಂದು ಲೆಕ್ಕ ಹಾಕಿದಾಗ ಪ್ಲಾಂಕರ ಸೂತ್ರವು ತಾನಾಗಿಯೇ ದೊರೆಯಿತು. ಅಲೆಯ ದೋಣಿಯಲ್ಲಿ ಕಾಲಿಡಬೇಕಾಗಲೇ ಇಲ್ಲ.

ಎರಡು ಕಣಗಳಲ್ಲಿ ಇಷ್ಟು ಅಲ್ಪ ವ್ಯತ್ಯಾಸವೇ ಎಂದು ತಾತ್ಸಾರ ಮಾಡಬೇಡಿ. ಹತ್ತು ಗೋಲಿಗಳನ್ನು ಎರಡು ಬಟ್ಟಲುಗಳಲ್ಲಿ ಇಡುವ ಲೆಕ್ಕವನ್ನು ಮಾಡಿ ನೋಡಿ. ಗೋಲಿಗಳಿಗೆ ಬೇರೆಬೇರೆ ಗುರುತಿದ್ದರೆ 1024 ರೀತಿಗಳು. ಹತ್ತೂ ಒಂದೇ ಬಟ್ಟಲಲ್ಲಿರುವುದು ಅವುಗಳಲ್ಲಿ 2 ಮಾತ್ರ. ಗುರುತಿಲ್ಲದಿದ್ದರೆ ಒಟ್ಟು ರೀತಿಗಳೇ 11. ಹತ್ತೂ ಒಟ್ಟಿಗಿರುವುದು ಅವುಗಳಲ್ಲಿ 2. ಐನೂರಹನ್ನೆರಡರಲ್ಲಿ ಒಂದಾಗಿದ್ದ ಸಂಭವವು ಹೆಚ್ಚುಕಡಮೆ ಐದಾರರಲ್ಲಿ ಒಂದಕ್ಕೆ ಬಂದಿತು! ಬೆಳಕಿನ ಕಣಗಳಿಗೆ ಒಟ್ಟುಗೂಡುವ ಸ್ವಭಾವವಿದೆಯೆಂಬ ದೊಡ್ಡ ಸತ್ಯವು ಈ ಚಿಕ್ಕ ಎಣಿಕೆಯಲ್ಲಿ ಅಡಗಿತ್ತು. ನಿಮ್ಮ ಗಣಿತದ ಪುಸ್ತಕದಲ್ಲಿ ಬರುವ ಕ್ರಮಯೋಜನೆ ಮತ್ತು ವಿಕಲ್ಪಗಳ ಅಧ್ಯಾಯವೇ ಇಲ್ಲಿಯ ಆಯುಧ. "ಈ ಲೆಕ್ಕ ಯಾತಕ್ಕೆ?" ಎಂದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು.

ಐನ್‌ಸ್ಟೈನರಿಗೆ ಒಂದು ಪತ್ರ

ಬೋಸರು ತಮ್ಮ ಲೇಖನವನ್ನು ಮೊದಲು ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಕಳುಹಿಸಿದ್ದರೆಂದೂ ಅಲ್ಲಿ ಅದು ಬೆಳಕು ಕಾಣಲಿಲ್ಲವೆಂದೂ ಹೇಳುತ್ತಾರೆ. ಬೇರೊಬ್ಬರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಬೋಸರು 1924ನೆಯ ಜೂನ್ 4ರಂದು ನೇರವಾಗಿ ಬರ್ಲಿನ್ನಿಗೆ, ಐನ್‌ಸ್ಟೈನರಿಗೇ ಕಳುಹಿಸಿದರು. ಒಬ್ಬರು ಜಗದ್ವಿಖ್ಯಾತರು, ಇನ್ನೊಬ್ಬರು ಢಾಕೆಯ ಮೂವತ್ತು ವರ್ಷದ ಉಪಾಧ್ಯಾಯರು. ಜೊತೆಗಿಟ್ಟ ಪತ್ರದಲ್ಲಿ ದೈನ್ಯವೂ ಇರಲಿಲ್ಲ, ಗರ್ವವೂ ಇರಲಿಲ್ಲ. ಲೇಖನವನ್ನು ಜರ್ಮನಿಗೆ ತಿರುಗಿಸುವಷ್ಟು ಆ ಭಾಷೆ ತಮಗೆ ಬಾರದೆಂದೂ, ಪ್ರಕಟಣೆಗೆ ಯೋಗ್ಯವೆಂದು ತೋರಿದರೆ ಅದಕ್ಕೆ ಏರ್ಪಾಡು ಮಾಡಬೇಕೆಂದೂ, ತಮ್ಮ ಪರಿಚಯವಿಲ್ಲದಿದ್ದರೂ ಬರಹಗಳ ಮೂಲಕ ನಾವೆಲ್ಲ ನಿಮ್ಮ ಶಿಷ್ಯರೇ ಎಂದೂ ಅವರು ಬರೆದಿದ್ದರು.

ಐನ್‌ಸ್ಟೈನರು ಆ ಲೇಖನವನ್ನು ಓದಿ, ತಾವೇ ಜರ್ಮನ್ ಭಾಷೆಗೆ ಅನುವಾದಿಸಿ, ಅಲ್ಲಿಯ ಪ್ರಮುಖ ಭೌತವಿಜ್ಞಾನ ಪತ್ರಿಕೆಗೆ ಕಳುಹಿಸಿದರು. ಇದು ಮಹತ್ವದ ಮುನ್ನಡೆಯೆಂಬ ಟಿಪ್ಪಣಿಯನ್ನೂ ಸೇರಿಸಿದರು. ಬೋಸರಿಗೆ ಒಂದು ಅಂಚೆಕಾರ್ಡು ಬರೆದರು. ಆ ಕಾರ್ಡಿನ ಮಹಿಮೆಯನ್ನು ನೋಡಿ! ಬೋಸರು ವಿದೇಶಕ್ಕೆ ಹೋಗಲು ಎರಡು ವರ್ಷಗಳ ರಜೆಯನ್ನು ಕೇಳಿಕೊಂಡಿದ್ದರು, ನಿರ್ಧಾರ ಬಾಕಿಯಿತ್ತು. ಕಾರ್ಡು ಕಂಡೊಡನೆ ವಿಶ್ವವಿದ್ಯಾನಿಲಯವು ರಜೆಯನ್ನೂ ಸಹಾಯವೇತನವನ್ನೂ ಮಂಜೂರು ಮಾಡಿತು. ಜರ್ಮನ್ ದೂತಾಲಯದಲ್ಲಿ ಆ ಕಾರ್ಡನ್ನು ತೋರಿಸಿದಾಗ ಶುಲ್ಕವಿಲ್ಲದೆ ಅನುಮತಿ ಪತ್ರ ದೊರೆಯಿತೆಂದು ಬೋಸರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಪ್ಯಾರಿಸ್ಸಿನಲ್ಲಿಯೂ ಬರ್ಲಿನ್ನಿನಲ್ಲಿಯೂ

1924ರ ಅಕ್ಟೋಬರಿನಲ್ಲಿ ಬೋಸರು ಪ್ಯಾರಿಸ್ ನಗರವನ್ನು ಸೇರಿದರು. ಕೆಲವು ವಾರ ಮಾತ್ರ ಅಲ್ಲಿದ್ದು ಬರ್ಲಿನ್ನಿಗೆ ಹೋಗುವ ಎಣಿಕೆಯಿದ್ದರೂ, ಹೆಚ್ಚುಕಡಮೆ ಒಂದು ವರ್ಷ ಅಲ್ಲಿಯೇ ಉಳಿದರು. ಭಾರತೀಯ ವಿದ್ಯಾರ್ಥಿಗಳ ನೆಲೆಯೊಂದರಲ್ಲಿ ವಾಸ. ಲಾಂಜೆವಿನ್ ಎಂಬ ವಿಜ್ಞಾನಿಯ ಪರಿಚಯ. ಅವರ ಮೂಲಕ ಮೇರಿ ಕ್ಯೂರಿಯವರ ದರ್ಶನವೂ ಆಯಿತು. ಆ ಭೇಟಿಯ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಹಿಂದೆ ಭಾರತದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿ ಫ್ರೆಂಚ್ ಬಾರದೆ ಬಹಳ ಕಷ್ಟಪಟ್ಟನೆಂದೂ, ಆದುದರಿಂದ ಮೊದಲು ಕೆಲವು ತಿಂಗಳು ಭಾಷೆಯನ್ನು ಕಲಿತು ಬರಬೇಕೆಂದೂ ಆ ಮಾನ್ಯರು ಇಂಗ್ಲಿಷಿನಲ್ಲಿ ವಿಸ್ತಾರವಾಗಿ ಬುದ್ಧಿ ಹೇಳಿದರು. ತಾನು ಎಷ್ಟೋ ವರ್ಷಗಳಿಂದ ಫ್ರೆಂಚ್ ಬಲ್ಲೆನೆಂದು ಹೇಳಲು ಬೋಸರಿಗೆ ನಾಲಿಗೆಯೇ ಏಳಲಿಲ್ಲ! ನಮ್ಮ ಹುಡುಗರ ಸಂಕೋಚವು ಎಷ್ಟು ಹಳೆಯದು, ಎಷ್ಟು ದೊಡ್ಡವರಲ್ಲಿಯೂ ಇತ್ತು ಎಂಬುದಕ್ಕೆ ಇದೇ ಸಾಕ್ಷಿ. ಇದರಿಂದ ನಷ್ಟವೂ ಉಂಟು. ಬಲ್ಲುದನ್ನು ವಿನಯದಿಂದ ಹೇಳುವುದನ್ನೂ ನಾವು ಕಲಿಯಬೇಕಾಗಿದೆ.

ಕಾಗದ ಪೆನ್ಸಿಲುಗಳ ಗಣಿತಜ್ಞರಾಗಿ ಬಂದ ಬೋಸರು ಪ್ಯಾರಿಸ್ಸಿನಲ್ಲಿ ಮೋರಿಸ್ ದ ಬ್ರಾಯ್ ಅವರ ಪ್ರಯೋಗಶಾಲೆಯನ್ನು ಸೇರಿ ಕ್ಷಕಿರಣಗಳ ಪ್ರಯೋಗವಿಧಾನವನ್ನು ಕಲಿತರು. ತಮ್ಮಲ್ಲಿ ಇಲ್ಲದ ವಿದ್ಯೆಯನ್ನು ಹುಡುಕಿಕೊಂಡು ಹೋಗಿ ಕಲಿತ ಈ ನಡತೆಯು ಗಮನಾರ್ಹ.

1925ರ ಅಕ್ಟೋಬರಿನಲ್ಲಿ ಅವರು ಬರ್ಲಿನ್ನಿಗೆ ಹೋಗಿ, ಗುರುವೆಂದು ಭಾವಿಸಿದ್ದ ಐನ್‌ಸ್ಟೈನರನ್ನು ಕಂಡರು. ಐನ್‌ಸ್ಟೈನರು ಕೊಟ್ಟ ಪರಿಚಯ ಪತ್ರದಿಂದ ಗ್ರಂಥಾಲಯದ ಪುಸ್ತಕಗಳೂ ವಿದ್ವಾಂಸರ ಗೋಷ್ಠಿಗಳೂ ಅವರಿಗೆ ಸುಲಭವಾದುವು. ಆದರೆ ಒಂದು ಮಾತನ್ನು ಮರೆಮಾಚಬಾರದು. ಬೋಸರು ಕಳುಹಿಸಿದ್ದ ಎರಡನೆಯ ಲೇಖನವನ್ನೂ ಐನ್‌ಸ್ಟೈನರು ಅನುವಾದಿಸಿ ಅಚ್ಚುಹಾಕಿಸಿದ್ದರು. ಆದರೆ ಅದರ ಕೆಳಗೆ ತಮಗೆ ಈ ಅಭಿಪ್ರಾಯ ಸಮ್ಮತವಲ್ಲವೆಂದು ಕಾರಣಸಹಿತವಾಗಿ ಬರೆದಿದ್ದರು. ಮೊದಲನೆಯದನ್ನು ಹೊಗಳಿದ ಕೈಯೇ ಎರಡನೆಯದನ್ನು ಖಂಡಿಸಿತು. ವಿಜ್ಞಾನದಲ್ಲಿ ಸ್ನೇಹಕ್ಕೂ ಸತ್ಯಕ್ಕೂ ಜಗಳವಿಲ್ಲ. ಬೋಸರ ಗೌರವವಾಗಲಿ ಐನ್‌ಸ್ಟೈನರ ವಿಶ್ವಾಸವಾಗಲಿ ಇದರಿಂದ ಕುಂದಲಿಲ್ಲ.

ಇತ್ತ ಐನ್‌ಸ್ಟೈನರು ಬೋಸರ ಎಣಿಕೆಯನ್ನು ಬೆಳಕಿನಿಂದ ಅನಿಲದ ಅಣುಗಳಿಗೆ ವಿಸ್ತರಿಸಿದ್ದರು. ಅನಿಲವನ್ನು ಅತ್ಯಂತ ತಣ್ಣಗೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಬಹುಪಾಲು ಅಣುಗಳು ಅತಿ ಕಡಮೆ ಶಕ್ತಿಯ ಒಂದೇ ಸ್ಥಿತಿಗೆ ಇಳಿದು, ಎಲ್ಲವೂ ಒಂದಾದಂತೆ ನಡೆದುಕೊಳ್ಳಬೇಕೆಂದು 1925ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದರು. ಇದನ್ನೇ ಬೋಸ್-ಐನ್‌ಸ್ಟೈನ್ ಸಾಂದ್ರೀಕರಣವೆನ್ನುತ್ತಾರೆ. ಕಾಗದದ ಮೇಲಿನ ಈ ಭವಿಷ್ಯವಾಣಿ ಪ್ರಯೋಗದಲ್ಲಿ ನಿಜವಾಗಲು ಎಪ್ಪತ್ತು ವರ್ಷ ಕಾಯಬೇಕಾಯಿತು. 1995ರ ಜೂನ್ 5ರಂದು ಅಮೆರಿಕದ ಕೊಲರಾಡೊ ಪ್ರಾಂತದ ಬೌಲ್ಡರ್‌ನಲ್ಲಿ ಕಾರ್ನೆಲ್ ಮತ್ತು ವೀಮನ್ ಎಂಬವರು ಸುಮಾರು ಎರಡು ಸಾವಿರ ರುಬಿಡಿಯಂ ಪರಮಾಣುಗಳಲ್ಲಿ ಇದನ್ನು ಸಾಧಿಸಿದರು. ಆಗಿನ ಉಷ್ಣತೆ ಎಷ್ಟು? ಒಂದು ಡಿಗ್ರಿಯನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಸುಮಾರು 170 ಪಾಲನ್ನು ತೆಗೆದುಕೊಂಡರೆ, ನಿರಪೇಕ್ಷ ಶೂನ್ಯಕ್ಕಿಂತ ಅಷ್ಟೇ ಮೇಲೆ! ಅವರಿಬ್ಬರಿಗೂ, ಬೇರೆಯಾಗಿ ಸೋಡಿಯಂನಲ್ಲಿ ಇದನ್ನು ಸಾಧಿಸಿದ ಕೆಟರ್ಲೆ ಎಂಬವರಿಗೂ 2001ರಲ್ಲಿ ನೊಬೆಲ್ ಬಹುಮಾನ ಬಂದಿತು.

ಗುರುತಿಲ್ಲದೆ ಒಟ್ಟುಗೂಡುವ ಸ್ವಭಾವದ ಕಣಗಳಿಗೆಲ್ಲ ಇಂಗ್ಲೆಂಡಿನ ಡಿರಾಕ್ ಎಂಬ ವಿಜ್ಞಾನಿ 'ಬೋಸಾನ್' ಎಂದು ಹೆಸರಿಟ್ಟರು. 2012ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಹಿಗ್ಸ್ ಬೋಸಾನ್ ಕಂಡುಬಂದಾಗ, ಆ ಹೆಸರಿನ ಉತ್ತರಾರ್ಧವು ಢಾಕೆಯ ಈ ಉಪಾಧ್ಯಾಯರದೆಂಬುದು ಎಷ್ಟು ಜನರಿಗೆ ನೆನಪಿಗೆ ಬಂದಿತೋ!

ಮರಳಿ ತಾಯ್ನೆಲಕ್ಕೆ

1926ರಲ್ಲಿ ಬೋಸರು ಢಾಕೆಗೆ ಮರಳಿದರು. ಪ್ರಾಧ್ಯಾಪಕ ಪದವಿಗೆ ಡಾಕ್ಟರೇಟ್ ಇದ್ದರೆ ಮೇಲೆಂಬ ಕಾಲ, ಬೋಸರಲ್ಲಿ ಅದಿರಲಿಲ್ಲ. ಐನ್‌ಸ್ಟೈನರ ಶಿಫಾರಸು ಪತ್ರ ಬಂದು ಆ ಕೊರತೆಯನ್ನು ತುಂಬಿತು. ಪ್ರಾಧ್ಯಾಪಕರಾದ ಮೇಲೆ ಅವರು ಪ್ರಯೋಗಶಾಲೆಯನ್ನು ಕಟ್ಟಿದರು, ಬೇಕಾದ ಉಪಕರಣಗಳಲ್ಲಿ ಕೆಲವನ್ನು ಅಲ್ಲಿಯೇ ತಯಾರಿಸಿದರು, ವಿದ್ಯಾರ್ಥಿಗಳನ್ನು ಬೆಳೆಸಿದರು. ಅವರು ಬರೆದ ಸಂಶೋಧನ ಲೇಖನಗಳು ಹೆಚ್ಚಲ್ಲ. ಕೇಳಿ ಬಂದವರ ಸಮಸ್ಯೆಯನ್ನು ಬಿಡಿಸಿಕೊಟ್ಟು, ಅದನ್ನು ತಮ್ಮ ಹೆಸರಿನಲ್ಲಿ ಅಚ್ಚುಹಾಕಿಸುವ ಗೋಜಿಗೆ ಹೋಗದವರೆಂದು ಅವರ ಶಿಷ್ಯರು ಹೇಳುತ್ತಿದ್ದರು. ಬಿಡುವಾದಾಗ ಎಸರಾಜ್ ವಾದ್ಯವನ್ನು ನುಡಿಸುತ್ತಿದ್ದರು.

1945ರಲ್ಲಿ ಅವರು ಕಲ್ಕತ್ತೆಗೆ ಹಿಂತಿರುಗಿದರು. 1954ರಲ್ಲಿ ಪದ್ಮವಿಭೂಷಣ ಪ್ರಶಸ್ತಿ, 1958ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, ಬಳಿಕ ರಾಷ್ಟ್ರೀಯ ಪ್ರಾಧ್ಯಾಪಕ ಪದವಿ ಇವೆಲ್ಲ ದೊರೆತುವು. ನೊಬೆಲ್ ಬಹುಮಾನ ಮಾತ್ರ ಬರಲಿಲ್ಲ. 1974ನೆಯ ಫೆಬ್ರವರಿ 4ರಂದು ಅವರು ಕೀರ್ತಿಶೇಷರಾದರು.

ಆದರೆ ನಮಗೆ ಮುಖ್ಯವಾದದ್ದು ಅವರ ಇನ್ನೊಂದು ಕಾರ್ಯ. 1948ರ ಜನವರಿಯಲ್ಲಿ ಅವರು ಕಲ್ಕತ್ತೆಯಲ್ಲಿ 'ಬಂಗೀಯ ವಿಜ್ಞಾನ ಪರಿಷತ್ತ'ನ್ನು ಸ್ಥಾಪಿಸಿ, ಬಂಗಾಳಿ ಭಾಷೆಯಲ್ಲಿ ವಿಜ್ಞಾನವನ್ನು ತಿಳಿಸುವ 'ಜ್ಞಾನ ಓ ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ರವೀಂದ್ರನಾಥ ಠಾಕೂರರು 1937ರಲ್ಲಿ ತಾವು ಬರೆದ ವಿಜ್ಞಾನಗ್ರಂಥ 'ವಿಶ್ವಪರಿಚಯ'ವನ್ನು ಅರ್ಪಿಸಿದ್ದು ಇವರಿಗೇ. ಬೋಸರು ಉನ್ನತ ವಿದ್ಯೆಯನ್ನು ಇಂಗ್ಲಿಷಿನಲ್ಲಿ ಕಲಿತವರು. ಫ್ರೆಂಚ್ ಜರ್ಮನ್ ಬಲ್ಲವರು. ಅಂಥವರೇ, ತಾಯ್ನುಡಿಯಲ್ಲಿ ವಿಜ್ಞಾನವನ್ನು ಹೇಳಲಾಗದೆನ್ನುವವರು ಒಂದೋ ಭಾಷೆಯನ್ನು ಅರಿಯರು ಇಲ್ಲವೇ ವಿಜ್ಞಾನವನ್ನು ಅರಿಯರು ಎಂಬರ್ಥದ ಮಾತನ್ನು ಆಡಿದರು. 1962ರಲ್ಲಿ ಜಪಾನಿಗೆ ಹೋದಾಗ, ಅಲ್ಲಿಯ ವಿದ್ವಾಂಸರು ಗಹನವಾದ ವಿಷಯಗಳನ್ನು ತಮ್ಮ ಭಾಷೆಯಲ್ಲಿಯೇ ಚರ್ಚಿಸುವುದನ್ನು ಕಂಡು ಅವರ ನಂಬಿಕೆ ಇನ್ನೂ ದೃಢವಾಯಿತು.

ತಾಯಿತಂದೆಗಳ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬೋಸರ ಲೇಖನವು ಜರ್ಮನಿಗೆ ಅನುವಾದವಾಗದಿದ್ದರೆ ಅದನ್ನು ಕೇಳುವವರೇ ಇರುತ್ತಿರಲಿಲ್ಲವೇನೋ. ಆದುದರಿಂದ ಬೇರೆ ಭಾಷೆಗಳು ಬೇಡವೆಂದು ಹೇಳುವಂತಿಲ್ಲ. ಗಡಿನಾಡಿನ ನಮ್ಮ ಮಕ್ಕಳು ನೆರೆಯ ಭಾಷೆಯನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಮೂರು ನಾಲ್ಕು ಭಾಷೆಗಳ ನಡುವೆ ಬೆಳೆಯುವುದು ನಮಗೆ ಭಾರವೆಂದೇಕೆ ತಿಳಿಯಬೇಕು? ಬೋಸರಿಗೆ ಅದೇ ಬಲವಾಯಿತು. ಆದರೆ "ಇದು ನನಗೆ ಸಮಾಧಾನವಾಗಲಿಲ್ಲ, ಏಕೆ ಹೀಗೆ?" ಎಂಬ ಪ್ರಶ್ನೆ ಮಗುವಿನ ಮನಸ್ಸಿನಲ್ಲಿ ಏಳುವುದು ಅದಕ್ಕೆ ಚೆನ್ನಾಗಿ ಅರ್ಥವಾಗುವ ನುಡಿಯಲ್ಲಿ. ಆ ಪ್ರಶ್ನೆ ಏಳದಿದ್ದರೆ ಹತ್ತು ಭಾಷೆ ಬಂದರೂ ಸಂಶೋಧನೆ ಹುಟ್ಟದು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಮೂರು ಗೋಲಿಗಳನ್ನೂ ಎರಡು ಬಟ್ಟಲುಗಳನ್ನೂ ತೆಗೆದುಕೊಳ್ಳಿ. ಗುರುತಿದ್ದರೆ ಎಷ್ಟು ರೀತಿ, ಗುರುತಿಲ್ಲದಿದ್ದರೆ ಎಷ್ಟು ರೀತಿ ಎಂದು ಎಣಿಸಿರಿ. ಮೊದಲನೆಯದು 8, ಎರಡನೆಯದು 4 ಬಂದರೆ, ಆಚಾರ್ಯ ಬೋಸರು ನಡೆದ ದಾರಿಯ ಮೊದಲ ಮೆಟ್ಟಿಲನ್ನು ನೀವು ಹತ್ತಿದಿರೆಂದೇ ತಿಳಿಯಿರಿ. ಬಳಿಕ ಮೂರು ಬಟ್ಟಲುಗಳನ್ನಿಟ್ಟು ಎಣಿಸಿ, ಉತ್ತರವನ್ನು ನಿಮ್ಮ ಗಣಿತದ ಉಪಾಧ್ಯಾಯರಿಗೆ ತೋರಿಸಿರಿ. ಈ ಶಾಲೆಯ ಜಗಲಿಯಿಂದಲೂ ಅಂತಹ ಒಂದು ಪತ್ರ ಎಂದಾದರೊಂದು ದಿನ ದೂರದೇಶಕ್ಕೆ ಹೊರಡಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.